ದೇಚಮ್ಮನವರ ಬೆರಳು, ಒಂಬತ್ತು ಎಂಎಂ ಕೋವಿ

ಕೋವಿಡ್ ಗಲಾಟೆ ತಣ್ಣಗಾಗಿ ಎರಡು ವರ್ಷವಾಗಿತ್ತು. ಡೆಟ್ರಾಯಿಟ್‌ನ ಕಾರು ಬಿಡಿಭಾಗಗಳ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತನಾದ ನಾನು, ಮನೆಯಲ್ಲಿ ಸುಮ್ಮನೆ ಕೂರಲಾರದೆ, ಹತ್ತಿರದ ನೋವಾಯ್ ಊರಿನ ಬಂದೂಕು ಅಂಗಡಿಯೊಂದರಲ್ಲಿ ರಿಪೇರಿ ಕೆಲಸಕ್ಕೆ ಸೇರಿದ್ದೆ. ಗನ್‌ಸ್ಮಿತ್ ಎಂದು ಅಂಗಿಯ ಮೇಲೆ ಹೊಲಿಸಿ ಕೊಟ್ಟಿದ್ದರು. ಮೊಟ್ಟೆ ಒಡೆಯಲೂ ಹೆದರುವ ಮೈಸೂರಿನವನು ಅಮೆರಿಕದಲ್ಲಿ ಕೋವಿ ಬಿಚ್ಚುತ್ತಾ ಕೂತಿದ್ದಾನೆ ಎಂದು ನನ್ನ ತಂಗಿ ಫೋನಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ನಗಲಿ ಬಿಡಿ. ಇಂಚಿನ ಸಾವಿರದ ಒಂದು ಭಾಗವನ್ನು ಅಳೆಯುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಅಳೆಯುವುದು ಗೇರ್ ಆದರೇನು, ಕೋವಿಯ ಬೋಲ್ಟ್ ಆದರೇನು?

ಆ ವರ್ಷದ ಆಗಸ್ಟ್ ಮೊದಲ ವಾರ ಹತ್ತಿರದ ಕ್ಯಾಂಟನ್ ಊರಿನಿಂದ ಬೋಪಯ್ಯ, ದೇಚಮ್ಮ ದಂಪತಿ ಬಂದರು. ಕೊಡಗಿನವರು, ಇಬ್ಬರಿಗೂ ಅರವತ್ತು ದಾಟಿತ್ತು. ಬೋಪಯ್ಯ ನನ್ನ ಹಾಗೆ ನಿವೃತ್ತರು, ಎಂಜಿನಿಯರ್ ಆಗಿದ್ದವರು. ದೇಚಮ್ಮ ಮಕ್ಕಳ ಡಾಕ್ಟರ್. ಹುಡುಗಿಯಾಗಿದ್ದಾಗ ಊರಿನ ಸ್ಪರ್ಧೆಗಳಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಯನ್ನು ಗುಂಡು ಹೊಡೆದು ಒಡೆದವರು. ಈಗ ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡಿದ್ದರು. ಕ್ಯಾನ್ಸರ್ ವಾಸಿಯಾಗಿತ್ತು. ಆದರೆ ಕೀಮೋ ಔಷಧಿಯಿಂದ ಎರಡೂ ಕೈಗಳ ಬೆರಳ ತುದಿ ಜೋಮು ಹಿಡಿದು, ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ. ಕ್ಲಿನಿಕ್ಕಿಗೆ ಹೋಗುವುದನ್ನೂ ನಿಲ್ಲಿಸಿದ್ದರು.

"ಎಲ್ಲಾ ಮುಗಿದ ಮೇಲೆ ಏನು ಬೇಕು ಅಂತ ಕೇಳಿದೆ, ಮೂರ್ತಿಯವರೇ," ಎಂದರು ಬೋಪಯ್ಯ. "ಹವಾಯಿ ಅಂತಾಳೆ ಅಂದ್ಕೊಂಡಿದ್ದೆ. ಮತ್ತೆ ಕೋವಿ ಹಿಡೀಬೇಕು ಅಂದಳು."

ಅವರು ತಂದಿದ್ದು ಪಿಸ್ಟಲ್ ಕ್ಯಾಲಿಬರ್ ಕಾರ್ಬೈನ್. ಅಂದರೆ ಪಿಸ್ತೂಲಿನ ಪುಟ್ಟ ಒಂಬತ್ತು ಎಂಎಂ ಕಾಡತೂಸನ್ನೇ ಹಾರಿಸುವ, ಭುಜಕ್ಕೆ ಆನಿಸಿಕೊಳ್ಳುವ ಉದ್ದ ಕೋವಿ. ಇದರ ಒದೆತ ಬಹಳ ಕಡಿಮೆ, ಸೋತ ಮೈಗೆ ಹೇಳಿ ಮಾಡಿಸಿದ್ದು. ಅದನ್ನು ದೇಚಮ್ಮನವರ ಮೈಗೆ ಇನ್ನೂ ಹೊಂದಿಸಬೇಕಿತ್ತು. ಭುಜಕ್ಕೆ ತಾಗುವ ಹಿಡಿಯನ್ನು ಒಂದೂವರೆ ಇಂಚು ಗಿಡ್ಡ ಮಾಡಿದೆ. ಗುಂಡು ತುಂಬಲು ಹಿಂದಕ್ಕೆಳೆಯುವ ಬೋಲ್ಟಿನ ಗುಬ್ಬಿಯನ್ನು ದೊಡ್ಡದು ಮಾಡಿ ಎಡಗಡೆಗೆ ತಂದೆ. ಟ್ರಿಗರ್ ಎಳೆಯಲು ಏಳು ಪೌಂಡ್ ಬಲ ಬೇಕಿತ್ತು, ಅದನ್ನು ಉಜ್ಜಿ ನಯಮಾಡಿ ನಾಲ್ಕೂವರೆಗೆ ಇಳಿಸಿದೆ. ಮೂರು ವಾರ ಹಿಡಿಯಿತು. ದೇಚಮ್ಮ ಅದನ್ನು ಭುಜಕ್ಕೇರಿಸಿ ಕಣ್ಣು ಮುಚ್ಚಿ ನಿಂತರು.

"ಅಳತೆ ಕೊಟ್ಟು ಹೊಲಿಸಿದ ಬ್ಲೌಸ್ ಥರ ಇದೆ," ಎಂದರು. ಅಂಥ ಸರ್ಟಿಫಿಕೇಟ್ ನನಗೆ ಇಡೀ ಸರ್ವೀಸಿನಲ್ಲಿ ಯಾರೂ ಕೊಟ್ಟಿರಲಿಲ್ಲ.

ಸೆಪ್ಟೆಂಬರಿನ ಬಿಸಿಲಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಅಕ್ಟೋಬರ್ ಮಧ್ಯದಲ್ಲಿ ಇಬ್ಬರೂ ಮುಖ ಸಣ್ಣದು ಮಾಡಿಕೊಂಡು ಬಂದರು. ಬಯಲಿನಲ್ಲಿ ಗುರಿ ಅಭ್ಯಾಸ ಮಾಡುವ ಶೂಟಿಂಗ್ ರೇಂಜಿನಲ್ಲಿ ಹತ್ತರಲ್ಲಿ ನಾಲ್ಕು ಗುಂಡು ಹಾರಿರಲಿಲ್ಲ. ಬರೀ ಟಕ್ ಎಂಬ ಸದ್ದು.

"ಕೋವೀದಲ್ಲ, ನನ್ನ ಬೆರಳಿಂದೇ ತಪ್ಪು," ಎಂದರು ದೇಚಮ್ಮ. "ಪೂರ್ತಿ ಎಳೆದ್ನೋ ಇಲ್ವೋ ನಂಗೇ ಗೊತ್ತಾಗಲ್ಲ."

ಕೋವಿ ಬಿಚ್ಚಿದೆ. ಒಳಗೆ ಎಣ್ಣೆ ಸ್ವಲ್ಪ ಹೆಚ್ಚಾಗಿತ್ತು, ಒರೆಸಿದೆ. ಅಂಗಡಿಯ ಒಳಗಿನ ರೇಂಜಿನಲ್ಲಿ ಐವತ್ತು ಸುತ್ತು ಹಾರಿಸಿದೆ. ಐವತ್ತಕ್ಕೆ ಐವತ್ತೂ ಹಾರಿದವು. ನನ್ನ ಕೆಲಸದಲ್ಲಿ ಊನವಿಲ್ಲ ಎಂದು ಒಳಗೊಳಗೇ ಬೀಗಿದೆ. ಅವರ ಕೈಗೆ ಕೋವಿ ಕೊಡುತ್ತಾ ಒಂದು ಮಾತು ಹೇಳಿದೆ, ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ: "ಇನ್ನು ಸ್ವಲ್ಪ ಗಟ್ಟಿಯಾಗಿ ಎಳೀರಿ, ಮೇಡಂ."

ಎರಡು ವಾರದ ನಂತರ ಮತ್ತೆ ಬಂದರು. ಈ ಸಲ ಹತ್ತರಲ್ಲಿ ಆರು ಹಾರಿರಲಿಲ್ಲ. ನಾನು ಮತ್ತೆ ಒರೆಸಿದೆ, ಮತ್ತೆ ಹಾರಿಸಿದೆ, ಮತ್ತೆ ಎಲ್ಲವೂ ಸರಿ. ದೇಚಮ್ಮ ಕೌಂಟರಿನ ಆಚೆ ಕೈಗಳನ್ನು ಜಾಕೆಟ್ಟಿನ ಜೇಬಿಗೆ ತುರುಕಿಕೊಂಡು ನಿಂತಿದ್ದರು.

"ಮಾರಿಬಿಡಿ ಇದನ್ನ," ಎಂದರು. "ಬೆರಳು ಇಷ್ಟೂ ಮಾಡಲ್ಲ ಅಂದಮೇಲೆ ಕ್ಲಿನಿಕ್ಕಿಗೆ ವಾಪಸ್ ಹೋಗೋದೂ ಬೇಡ. ಪುಟ್ಟ ಮಗು ಹೊಟ್ಟೆ ಮುಟ್ಟಿ ನೋಡೋದು ಹ್ಯಾಗೆ ನಾನು?"

ಬೋಪಯ್ಯ ಗೋಡೆ ನೋಡುತ್ತಾ ನಿಂತರು. ಕೋವಿ ನೆಪ ಮಾತ್ರ, ಆಕೆ ತಮ್ಮ ಕೈಗಳನ್ನೇ ಕೈಬಿಡುತ್ತಿದ್ದಾರೆ ಎಂದು ಆಗ ತಿಳಿಯಿತು. ಒಂದೇ ಒಂದು ಸಲ ನಾನೂ ಜೊತೆಗೆ ಬರುತ್ತೇನೆ, ಆಮೇಲೆ ಮಾರೋಣ ಎಂದು ಗೋಗರೆದೆ. ಕೋವಿ ಅವರ ಜೊತೆಗೇ ಮನೆಗೆ ಹೋಯಿತು.

ನವೆಂಬರಿನ ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಅಮೆರಿಕದ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೂವತ್ತೆಂಟು ಡಿಗ್ರಿ, ಅಂದರೆ ನಮ್ಮೂರಿನ ಮೂರು ಡಿಗ್ರಿ ಚಳಿ. ದೇಚಮ್ಮನವರ ಎರಡು ಗುಂಡು ಹಾರಿದವು, ಮೂರನೆಯದು ಟಕ್ ಎಂದಿತು. ಹೀಗಾದಾಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡ್ ಕಾಯಬೇಕು, ತಡವಾಗಿ ಸಿಡಿದರೂ ಸಿಡಿಯಬಹುದು. ಕಾದೆವು. ಆಮೇಲೆ ಆ ಕಾಡತೂಸನ್ನು ಹೊರತೆಗೆದೆ. ಅಲ್ಲಿಯವರೆಗೆ ಹಾರದ ಕಾಡತೂಸುಗಳನ್ನೆಲ್ಲ ಅವರು ರೇಂಜಿನ ನಿಯಮದಂತೆ ಅಲ್ಲಿಯ ಬಕೆಟ್ಟಿಗೆ ಹಾಕಿ ಬರುತ್ತಿದ್ದರು. ತಂದು ತೋರಿಸಿ ಎಂದು ನಾನೂ ಕೇಳಿರಲಿಲ್ಲ. ಎಂಥ ದಡ್ಡ ನಾನು!

ಕಾಡತೂಸಿನ ಹಿಂಭಾಗದ ನಡುವೆ ಪ್ರೈಮರ್ ಎಂಬ ಪುಟ್ಟ ಬಿಲ್ಲೆ ಇರುತ್ತದೆ. ಫೈರಿಂಗ್ ಪಿನ್ ಎಂಬ ಮೊಳೆ ಅದಕ್ಕೆ ಬಲವಾಗಿ ಕುಟ್ಟಿದರೆ ಕಿಡಿ ಹೊತ್ತುತ್ತದೆ. ನನ್ನ ಕೈಲಿದ್ದ ಕಾಡತೂಸಿನ ಮೇಲೆ ಸಣ್ಣ ಗುಳಿ ಬಿದ್ದಿತ್ತು, ಉಗುರಿನಲ್ಲಿ ಗೀರಿದಷ್ಟು. ಗುಳಿ ಬಿದ್ದಿದೆ ಎಂದರೆ ಟ್ರಿಗರ್ ಪೂರ್ತಿ ಎಳೆದಾಗಿದೆ. ಎಳೆದ ಮೇಲಿನ ಪೆಟ್ಟು ಸ್ಪ್ರಿಂಗಿನದು. ಬೆರಳು ಮೆಲ್ಲಗೆ ಎಳೆದರೂ ಒಂದೇ, ಗಟ್ಟಿಯಾಗಿ ಎಳೆದರೂ ಒಂದೇ.

ಅಲ್ಲೇ ಮೇಜಿನ ಮೇಲೆ, ಕೋವಿ ಬೆಚ್ಚಗಾಗುವ ಮೊದಲೇ ಬೋಲ್ಟ್ ಬಿಚ್ಚಿದೆ. ಪಿನ್ ಜಾರುವ ತೂತಿನಲ್ಲಿ ಬೆಳ್ಳಗೆ ಮೇಣದಂಥದ್ದು ಗಟ್ಟಿಯಾಗಿ ಕೂತಿತ್ತು. ಪಿನ್ ಅದರೊಳಗೆ ತೆವಳುತ್ತಿತ್ತು. ಬೇರೆ ಯಾರಾದರೂ ಇದ್ಯಾವುದೋ ಗ್ರೀಸ್ ಎಂದುಕೊಳ್ಳುತ್ತಿದ್ದರು. ನಮಗೆ ಗೊತ್ತಿಲ್ಲವೇ? ಇಲ್ಲಿ ಚಳಿ ಶುರುವಾಯಿತೆಂದರೆ ಎಣ್ಣೆ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸದೆ ತಲೆಗೆ ಹನಿ ಇಳಿಯುವುದಿಲ್ಲ. ಮೂಸಿ ನೋಡಿದೆ, ಅನುಮಾನವೇ ಇಲ್ಲ, ಕೊಬ್ಬರಿ ಎಣ್ಣೆ! ನನ್ನ ಬೆಂಚಿನ ಪಕ್ಕದ ಹೀಟರ್ ಅದೇ ಫ್ಯಾರನ್‌ಹೀಟ್ ಲೆಕ್ಕದ ಎಂಬತ್ತು ಡಿಗ್ರಿಯಲ್ಲಿ ಉರಿಯುತ್ತಿರುತ್ತದೆ. ಅಲ್ಲಿ ಅದು ಕರಗಿ ಸಾಮಾನ್ಯ ಎಣ್ಣೆಯಂತೆ ಕಾಣುತ್ತಿತ್ತು. ನಾನು ಒರೆಸಿ ಹಾಕುತ್ತಿದ್ದೆ, ಅದಕ್ಕೇ ನನ್ನ ಕೈಯಲ್ಲಿ ಎಲ್ಲ ಗುಂಡೂ ಹಾರುತ್ತಿದ್ದವು.

"ಯಾರ್ರೀ ಹಾಕಿದ್ದು ಇದನ್ನ?" ಎಂದು ಗದರಿದೆ.

ಬೋಪಯ್ಯನವರ ಮುಖ ಬಿಳಿಚಿಕೊಂಡಿತು. "ನಾನೇ," ಎಂದರು. ನಮ್ಮ ಆಯುಧ ಪೂಜೆಯಂತೆ ಕೊಡವರಿಗೆ ಸೆಪ್ಟೆಂಬರ್ ಶುರುವಿನಲ್ಲಿ ಕೈಲ್‌ಪೋಳ್ದ್ ಹಬ್ಬ. ಕೋವಿಗೆ ಹೂವು ಮುಡಿಸಿ ಪೂಜಿಸುತ್ತಾರೆ. "ಹಬ್ಬದ ದಿನ ಹಚ್ಚಿದೆ. ನಮ್ಮಪ್ಪ ಕೊಬ್ಬರಿ ಎಣ್ಣೇನೇ ಹಚ್ತಿದ್ರು. ನಿಮ್ಮ ಹತ್ರದಿಂದ ಬಂದಾಗೆಲ್ಲ ದೀಪದ ಮುಂದಿಟ್ಟು ಮತ್ತೆ ಹಚ್ಚಿದೆ. ಬೆರಳು ಕೈ ಕೊಡ್ತಿದೆ ಅಂತ ಇವಳು ಅಳ್ತಿದ್ದಳಲ್ಲ, ಎಲ್ಲೂ ಬಿಗಿ ಇರಬಾರದು ಅಂತ ಆ ತೂತಿಗೂ ನಾಲ್ಕು ಹನಿ ಜಾಸ್ತಿ ಬಿಟ್ಟೆ."

ಅಯ್ಯೋ ಮಹಾರಾಯ! ಬಯ್ಯುವುದಾದರೂ ಹೇಗೆ? ಈ ಮನುಷ್ಯ ಪ್ರೀತಿಯಿಂದ ತಪ್ಪು ಮಾಡಿದ್ದ. ನಾನು ಮಾಡಿದ್ದು ಜಂಬದಿಂದ.

ಕಾಡತೂಸನ್ನು ದೇಚಮ್ಮನವರ ಅಂಗೈ ಮೇಲಿಟ್ಟು ಎಲ್ಲ ವಿವರಿಸಿದೆ. ಅವರು ಕನ್ನಡಕವನ್ನು ಮೂಗಿಗೆ ಜಾರಿಸಿ ಆ ಗುಳಿಯನ್ನು ಬಹಳ ಹೊತ್ತು ನೋಡಿದರು.

"ಹಾಗಾದರೆ ನಾನು ಎಳೆದಿದ್ದೆ?"

"ಟಕ್ ಅಂದ ಪ್ರತಿ ಸಲಾನೂ ಎಳೆದಿದ್ದಿರಿ, ಮೇಡಂ. ಗಟ್ಟಿಯಾಗಿ ಎಳೀರಿ ಅಂದೆನಲ್ಲ, ಅದು ನನ್ನ ತಪ್ಪು. ಕ್ಷಮಿಸಿ."

ದೇಚಮ್ಮ ಕಾಡತೂಸನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ಮಗುಚಿ ಮಗುಚಿ ನೋಡಿಕೊಂಡು ಅತ್ತುಬಿಟ್ಟರು. ನನ್ನ ಕಣ್ಣೂ ತುಂಬಿತು, ಚಳಿಗಾಳಿ ಎಂದು ಸುಳ್ಳು ಹೇಳಿದೆ.

ಜಿಡ್ಡು ಕರಗಿಸುವ ಸಾಲ್ವೆಂಟ್ ಹಾಕಿ ಪಿನ್ನು, ತೂತು ಎರಡನ್ನೂ ತೊಳೆದೆ. ಚಳಿಗೂ ಗಟ್ಟಿಯಾಗದ ಗನ್ ಆಯಿಲ್ ಅನ್ನು ಹೊರಗೆ ಒಂದೇ ಒಂದು ಹನಿ ಸವರಿದೆ. ದೇಚಮ್ಮ ಹತ್ತು ಗುಂಡು ಹಾರಿಸಿದರು. ಹತ್ತೂ ಹಾರಿದವು, ಎಂಟು ನಡುವೃತ್ತದೊಳಗೆ.

ಅಂದಿನಿಂದ ನನ್ನ ಬೆಂಚಿನ ಮುಂದೆ ಯಾರಾದರೂ ತಪ್ಪು ತಮ್ಮದೇ ಎಂದರೆ, ಹಾರದ ಕಾಡತೂಸು ಕೈಗೆ ಬರುವವರೆಗೆ ನಾನು ಒಪ್ಪುವುದಿಲ್ಲ. ಕಾಯಿಲೆಯಿಂದ ಎದ್ದವರು, ವಯಸ್ಸಾದವರು ತಪ್ಪನ್ನು ತಮ್ಮ ಮೇಲೆ ಬೇಗ ಎಳೆದುಕೊಳ್ಳುತ್ತಾರೆ. ಅದನ್ನು ಒಪ್ಪಿಕೊಂಡರೆ ನಮ್ಮ ಕೆಲಸ ಹಗುರ, ಅದಕ್ಕೇ ಒಪ್ಪಿಕೊಳ್ಳುತ್ತೇವೆ. ಜೀವನವಿಡೀ ಅಳೆದೇ ನಂಬಿದ ನಾನು, ಒಬ್ಬ ಹೆಂಗಸಿನ ಬೆರಳನ್ನು ಮಾತ್ರ ಅಳೆಯದೆ ಅನುಮಾನಿಸಿದ್ದೆ. ದೇಚಮ್ಮ ಜನವರಿಯಲ್ಲಿ ವಾರಕ್ಕೆ ಎರಡು ದಿನ ಕ್ಲಿನಿಕ್ಕಿಗೆ ಹೋಗತೊಡಗಿದರು. ಬೆರಳ ತುದಿಗೆ ತಿಳಿಯದ್ದನ್ನು ಅಂಗೈಯಿಂದ ತಿಳಿಯುವುದನ್ನು ಕಲಿಯುತ್ತಿದ್ದೇನೆ ಎಂದು ಫೋನ್ ಮಾಡಿ ಹೇಳಿದರು.