ಹಾಲ್‌ಗೆ ಬಂದ ಒಲೆ

ಗೆಳೆಯರೇ, ಚಾಮರಾಜಪೇಟೆಯ ನಮ್ಮ ಮನೆಯ ಅಡುಗೆಮನೆ ಒಡೆಸಿ ಹೊಸದಾಗಿ ಕಟ್ಟಿಸುತ್ತಿದ್ದೇವೆ. ಗ್ಯಾಸ್ ಒಲೆ ಸದ್ಯಕ್ಕೆ ಹಾಲ್‌ನಲ್ಲಿ, ಅಪ್ಪನ ಸೋಫಾ ಪಕ್ಕದಲ್ಲೇ ಇದೆ. ಇಷ್ಟು ವರ್ಷ ಅಡುಗೆಯನ್ನು ತಟ್ಟೆಯಲ್ಲಿ ಮಾತ್ರ ನೋಡಿದ್ದ ಅಪ್ಪ ಇವತ್ತು ಪೇಪರ್ ಮಡಚಿಟ್ಟು ಸಲಹೆ ಶುರುಮಾಡಿದರು.

"ಉರಿ ಜಾಸ್ತಿ ಆಯ್ತು ಕಣೇ. ಹುಳಿ ಇನ್ನೂ ಕುದೀಬೇಕು."

ಅಮ್ಮ ಸೌಟನ್ನು ಅವರ ಕೈಗಿತ್ತರು. "ನೀವೇ ಮಾಡಿ, ನೋಡೋಣ" ಎಂದು ಸೋಫಾದಲ್ಲಿ ಕೂತುಬಿಟ್ಟರು.

ಅಪ್ಪನಿಗೂ ಹಟ. ಒಗ್ಗರಣೆಯ ಸಾಸಿವೆ ಸಿಡಿದು ಕನ್ನಡಕಕ್ಕೆ ಬಡಿದರೂ ಬಿಡಲಿಲ್ಲ. ಹುಳಿ ಎಷ್ಟು ಚೆನ್ನಾಗಿತ್ತೆಂದರೆ ಅಮ್ಮ ಮತ್ತೆ ಬಡಿಸಿಕೊಂಡರು.

ಊಟವಾದ ಮೇಲೆ ಅಪ್ಪ ಮೇಸ್ತ್ರಿಯ ಹತ್ತಿರ ಹೋಗಿ, "ಬೇಗ ಮುಗಿಸ್ಬಿಡಪ್ಪಾ, ಅಡುಗೆಗೆ ತುಂಬಾ ತೊಂದರೆ ಆಗ್ತಿದೆ" ಎಂದರು.

ಅಮ್ಮ ಸೋಫಾದಿಂದಲೇ ಕೂಗಿದರು: "ಅವಸರ ಏನಿಲ್ಲ ಮೇಸ್ತ್ರಿ, ನಿಧಾನಕ್ಕೆ ಮಾಡಿ!"