ಗೆಲ್ಲುವುದಕ್ಕೂ ಹೆದರಿದ ನಾಗಕುಮಾರ

ಓಯ್, ಆಚೆ ಕಟ್ಟೆ ಮೇಲೆ ಕೂತವರೇ! ನಿಮ್ಮನ್ನೇ ಕರೆದದ್ದು. ಲಾರಿ ನೋಡಿಕೊಂಡು ರಸ್ತೆ ದಾಟಿ ಈಚೆ ಬನ್ನಿ. ಚನ್ನರಾಯಪಟ್ಟಣದ ನಾಗಕುಮಾರನ ಕಥೆ ಹೇಳುತ್ತೇನೆ. ಆಟದಲ್ಲಿ ಸೋಲುವುದಕ್ಕೆ ಹೆದರುವವರನ್ನು ನೀವು ಬೇಕಾದಷ್ಟು ಕಂಡಿದ್ದೀರಿ. ಇವನು ಗೆಲ್ಲುವುದಕ್ಕೂ ಹೆದರಿದವನು.

ಅರವತ್ತಮೂರನೇ ಇಸವಿಯ ಮಾತು. ಗಂಗಾಂಬಿಕೆ ಮೋಟಾರ್ ಸರ್ವಿಸ್ ಎಂಬ ಬಸ್ ಕಂಪನಿ ಇತ್ತು. ಚನ್ನರಾಯಪಟ್ಟಣದಲ್ಲಿ ಅದರ ಬುಕಿಂಗ್ ಕಿಟಕಿಯ ಹಿಂದೆ ಕೂತು ಟಿಕೆಟ್ ಹರಿಯುವುದು ನಾಗಕುಮಾರನ ಕೆಲಸ. ಊದುಬತ್ತಿಯಂಥ ಆಳು. ಹೆದರಿಕೆ ಅವನಿಗೆ ಹುಟ್ಟಿನಿಂದ ಬಂದ ಆಸ್ತಿ. ದಿನಾ ಕೇಳುವ ಹಾರನ್ನಿಗೇ ದಿನಾ ಬೆಚ್ಚುತ್ತಿದ್ದ. ಪ್ರಯಾಣಿಕರು ಗದರಿದರೆ ಟಿಕೆಟ್ಟಿನ ಜೊತೆಗೆ ಕ್ಷಮೆಯನ್ನೂ ಹರಿದುಕೊಡುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಕೊನೇ ಸ್ಟಾಪಿನದು. ಮಾಲೀಕರಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಕೊಣನೂರಿನಾಚೆ, ಬಸ್ಸು ತಿರುಗಿಕೊಳ್ಳುವ ಜಾಗದ ಏಜೆನ್ಸಿಗೆ ಎತ್ತಂಗಡಿ. ಅಲ್ಲಿ ಒಂದು ಹುಣಸೆಮರ, ಒಂದು ತಗಡಿನ ಗೂಡು, ನಾಲ್ಕು ಮನೆ. ಬೇರೆಯವರಿಗಾದರೆ ಅದು ಬರೀ ಬೇಸರದ ಜಾಗ. ನಾಗಕುಮಾರನಿಗೆ ಹಾಗಲ್ಲ. ಅವನ ತಾಯಿ ಮರುದೇವಮ್ಮ ಬೆಳಿಗ್ಗೆ ಬಸದಿಗೆ ಹೋಗಿ ಜಿನದರ್ಶನ ಮಾಡದೆ ಬಾಯಿಗೆ ಒಂದು ಹನಿ ನೀರು ಹಾಕುವವಳಲ್ಲ. ಗಂಡ ಸತ್ತಾಗ ಹಿಡಿದ ನಿಯಮ. ಮಗ ಹೋದಲ್ಲಿಗೆ ಅವಳೂ ಹೊರಡುವವಳೇ. ಹುಣಸೆಮರದ ಕೆಳಗೆ ಬಸದಿ ಎಲ್ಲಿಂದ ತರುವುದು? ಅಮ್ಮ ನಿಯಮ ಬಿಡುವುದಿಲ್ಲ, ಅನ್ನ ಬಿಡುತ್ತಾಳೆ.

ಮಾಲೀಕರು ಹೊಳೆನರಸೀಪುರದ ಗೌರೀಶಂಕರಯ್ಯನವರು. ಕಚ್ಚೆಪಂಚೆ, ಕೋಟು, ಬೆಕ್ಕಿನ ಬಾಲದಂಥ ಮೀಸೆ. ಅವರು ಮೈಸೂರಿನಲ್ಲಿ ಯಾರೋ ಟೇಬಲ್ ಟೆನಿಸ್ ಆಡುವುದನ್ನು ಕಂಡು ಮರುಳಾಗಿ, ಒಂದು ಮೇಜನ್ನು ತೆಂಗಿನಕಾಯಿ ಮೂಟೆಗಳ ನಡುವೆ ಬಸ್ಸಿನ ಮೇಲೆ ಕಟ್ಟಿಸಿಕೊಂಡು ಬಂದರು. ಅದು ಹೊಳೆನರಸೀಪುರದ ಬಸ್ ಶೆಡ್ಡಿನಲ್ಲಿ ಕೂತಿತು. ಪ್ರತಿ ಭಾನುವಾರ ಡ್ರೈವರು, ಕಂಡಕ್ಟರು, ಏಜೆಂಟರೆಲ್ಲ ಅಲ್ಲಿಗೆ ಹೋಗಿ ಮಾಲೀಕರ ಕೈಲಿ ಸೋತು ಬರಬೇಕು. ಯಾರೂ ಹಾಗಂತ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು ಅಷ್ಟೆ.

ಉಳಿದವರು ಸೋಲುವುದು ಮೊದ್ದುಮೊದ್ದಾಗಿ. ಡ್ರೈವರ್ ತಿಮ್ಮಪ್ಪ ಚೆಂಡನ್ನು ಒಂದು ಸಲ ಡೀಸೆಲ್ ಡ್ರಮ್ಮಿಗೇ ಹೊಡೆದಿದ್ದ. ನಾಗಕುಮಾರ ಸೋಲುವುದು ಮಾತ್ರ ನೋಡುವಂತಿತ್ತು. ಆ ಮೂಲೆಗೆ ಓಡಿ ಒಂದು ತೆಗೆಯುವನು, ಈ ಮೂಲೆಗೆ ಹಾರಿ ಇನ್ನೊಂದು ತೆಗೆಯುವನು, ಕೊನೆಗೆ ಚೆಂಡು ಮಾಲೀಕರ ಬ್ಯಾಟಿನ ನಟ್ಟನಡುವೆ ಹೋಗಿ ಬೀಳುವಂತೆ ಕೊಡುವನು. ಅವರು ರಪ್ಪನೆ ಬಾರಿಸಿ ಮೀಸೆ ತಿರುವುವರು. ಮೂರು ವರ್ಷ ಹೀಗೇ ನಡೆದು, ತಾವು ಜಿಲ್ಲೆಗೇ ಒಬ್ಬ ಆಟಗಾರರು ಎಂದು ಗೌರೀಶಂಕರಯ್ಯನವರಿಗೆ ಖಾತ್ರಿಯಾಯಿತು. ಹಾಸನದ ಒಂದು ಕ್ಲಬ್ಬಿನಲ್ಲಿ ಪಂದ್ಯಾವಳಿ ಎಂದು ಕೇಳಿದ್ದೇ ತಡ, ತಮ್ಮ ಹೆಸರು ಕೊಟ್ಟರು. ಜೊತೆಗಿರಲಿ ಎಂದು ನಾಗಕುಮಾರನದನ್ನೂ ಕೊಟ್ಟರು.

ಮೇ ತಿಂಗಳ ಮಧ್ಯಾಹ್ನ. ಕ್ಲಬ್ಬಿನ ಹಾಲಿನಲ್ಲಿ ಚೀಟಿ ಎತ್ತಿದರು. ಮೊದಲ ಚೀಟಿ ಗೌರೀಶಂಕರಯ್ಯ. ಅವರ ಎದುರಾಳಿ ಯಾರೆಂದು ಎರಡನೆಯದನ್ನು ಬಿಚ್ಚಿದರೆ, ನಾಗಕುಮಾರ.

"ಆಹಾ, ಧಣಿಗೂ ಆಳಿಗೂ ಬಿತ್ತು!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. "ಇದ್ನೇನ್ ಆಡ್ಸೋದು? ಧಣಿ ಗೆದ್ರು ಅಂತ ಬರ್ಕೊಂಬುಡಿ ಸಾ!"

ಹಾಲಿಗೆ ಹಾಲೇ ನಕ್ಕಿತು. ಗೌರೀಶಂಕರಯ್ಯನವರ ಮೀಸೆ ಅದುರಿತು. ನಾಗಕುಮಾರನನ್ನು ಕಂಬದ ಮರೆಗೆ ಎಳೆದುಕೊಂಡು ಹೋದರು.

"ನೋಡಯ್ಯ, ಇವತ್ತು ನಿಜವಾಗ್ಲೂ ಆಡ್ಬೇಕು. ಆಳು ಬೇಕೂಂತ ಸೋತ ಅಂತ ಈ ಹಾಸನದೋರು ಆಡ್ಕೋಬಾರ್ದು. ನೀನು ಸುಮ್ಸುಮ್ನೆ ಸೋತಿದ್ದು ನನ್ನ ಕಣ್ಣಿಗೆ ಬಿತ್ತೋ, ನಾಳೇನೇ ಕೊನೇ ಸ್ಟಾಪಿಗೆ ಗಾಡಿ ಹತ್ತು."

ಅವರು ಅತ್ತ ಹೋದರು, ಬಸ್ಸು ಓಡಿಸಿಕೊಂಡು ಬಂದಿದ್ದ ತಿಮ್ಮಪ್ಪ ಇತ್ತ ಬಂದ. "ಏನಂದ್ರುಲಾ?"

"ನಿಜವಾಗಿ ಆಡು ಅಂದ್ರು ಕಣಣ್ಣ."

"ಅಯ್ಯೋ ಮಂಕೇ! ನಂಬ್ಬುಟ್ಟೀಯಾ! ಇಷ್ಟ್ ಜನ್ದ್ ಮುಂದೆ ಗೆದ್ಗಿದ್ದೀಯ, ಅದ್ಕೂ ಕೊನೇ ಸ್ಟಾಪೇ ಕಣ್ಲಾ!"

ನಾಗಕುಮಾರನಿಗೆ ಈಗ ಸೋತರೂ ಹುಣಸೆಮರ, ಗೆದ್ದರೂ ಹುಣಸೆಮರ. ಎರಡರ ಕೆಳಗೂ ಅಮ್ಮ ಒಣಗಿದ ತುಟಿಯಲ್ಲಿ ಕೂತಿದ್ದಳು.

ಒಂದೇ ಆಟ, ಇಪ್ಪತ್ತೊಂದು ಪಾಯಿಂಟು. ಆಟ ಶುರುವಾಯಿತು. ಹೆದರಿದವನಿಗೆ ಹೊಳೆಯುವ ದಾರಿ ಇವನಿಗೂ ಹೊಳೆಯಿತು. ಒಂದು ಗೆದ್ದರೆ ಒಂದು ಸೋಲುವುದು, ಒಂದು ಸೋತರೆ ಒಂದು ಗೆಲ್ಲುವುದು. ಐದಕ್ಕೆ ಐದು, ಎಂಟಕ್ಕೆ ಎಂಟು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಹೀಗೇ ಇಪ್ಪತ್ತರ ತನಕ ಹೋಗಿ, ಆಮೇಲೆ ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಿಕೊಳ್ಳಲಿ ಎಂಬುದು ಅವನ ಲೆಕ್ಕ.

ಭೂಮಿಯಿಂದ ಬಂದದ್ದು ಬೇರೆ. ಹೊರಗೆ ಧಡಧಡ ಒಂದು ಮಳೆ ಸುರಿದು ನಿಂತಿತು. ಕತ್ತಲೆಂದು ಹಾಲಿನ ದೀಪ ಹಾಕಿದರು. ಹಾಕಿದ್ದೇ ತಡ, ರೆಕ್ಕೆ ಬಂದ ಮಳೆಹುಳಗಳು ಕಿಟಕಿಯಿಂದ ದಂಡು ದಂಡಾಗಿ ನುಗ್ಗಿದವು. ಬಲ್ಬಿಗೆ ಬಡಿದು, ಮೇಜಿನ ಮೇಲೆ ಬಿದ್ದು, ರೆಕ್ಕೆ ಕಳಚಿ ಹರಿದಾಡತೊಡಗಿದವು.

ಗೌರೀಶಂಕರಯ್ಯನವರು ಹೊಡೆದ ಚೆಂಡು ಇತ್ತ ಬರುತ್ತಿತ್ತು. ಅದು ಬೀಳುವ ಜಾಗದಲ್ಲಿ ಒಂದು ಹುಳ ತೆವಳುತ್ತಿತ್ತು. ಯೋಚನೆ ಮಾಡುವಷ್ಟು ಹೊತ್ತೆಲ್ಲಿ? ನಾಗಕುಮಾರ ಚೆಂಡನ್ನು ಗಾಳಿಯಲ್ಲೇ ಕೈಯಿಂದ ಹಿಡಿದುಬಿಟ್ಟ. ಪಾಯಿಂಟು ಮಾಲೀಕರಿಗೆ. ಮುಂದಿನದನ್ನೂ ಹಿಡಿದ. ಅದರ ಮುಂದಿನದನ್ನೂ ಹಿಡಿದ. ಕಡುಬಿನ ಹಬೆಯಲ್ಲಿ ಬೆಂದವರ ಹಾಗೆ ಗೌರೀಶಂಕರಯ್ಯನವರ ಮುಖ ಕೆಂಪಾಯಿತು. ಬ್ಯಾಟನ್ನು ಮೇಜಿಗೆ ಕುಕ್ಕಿದರು.

"ಲೋ! ಏನ್ ಹೇಳಿದ್ದೆ ನಿಂಗೆ? ಎಲ್ಲರ ಎದುರಿಗೇ ಸೋಲ್ತೀಯಾ?"

"ಇಲ್ಲ ಸಾ... ಹುಳ ಸಾ... ಚೆಂಡು ಬಿದ್ರೆ ಸಾಯ್ತದೆ."

ಅವರು ಬಗ್ಗಿ ಮೇಜು ನೋಡಿದರು. ಹುಳ ನೋಡಿದರು. ನಾಗಕುಮಾರನ ನಡುಗುವ ಗಲ್ಲ ನೋಡಿದರು. ಇವನು ಜೈನರ ಪೈಕಿ, ಹುಳ ಕೊಲ್ಲುವವನಲ್ಲ ಎಂಬುದು ನೆನಪಾಗಿ ಸಿಟ್ಟು ಇಳಿಯುತ್ತಿತ್ತು. ಇನ್ನೇನು ಇಳಿದೇ ಹೋಯಿತು ಎನ್ನುವಾಗ ಅವರಿಗೆ ಏನೋ ತಟ್ಟಿತು.

"ಸರಿ. ಇವತ್ತು ಹುಳ. ಮೂರು ವರ್ಷದಿಂದ ಶೆಡ್ಡಲ್ಲಿ ಸೋತ್ಯಲ್ಲ, ಅಲ್ಲೂ ಹುಳ ಇತ್ತಾ?"

ತಿಮ್ಮಪ್ಪ ಬೆಂಚಿನ ಹಿಂದಿನಿಂದ ಕೈ ಬಾಯಿ ಆಡಿಸಿ, ಇತ್ತು ಅನ್ನು, ಇತ್ತು ಅನ್ನು ಎಂದು ಸನ್ನೆ ಮಾಡುತ್ತಿದ್ದ. ನಾಗಕುಮಾರ ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಒಂದು ಹೆದರಿಕೆಯ ಹಿಂದೆ ಇನ್ನೊಂದು ನಿಂತಿತ್ತು: ಸುಳ್ಳು ಹೇಳಿ ಉಳಿಸಿಕೊಂಡ ಅನ್ನವೆಂದು ಗೊತ್ತಾದರೆ ಅಮ್ಮ ಅದನ್ನೂ ಮುಟ್ಟುವುದಿಲ್ಲ.

"ಇರ್ಲಿಲ್ಲ ಸಾ," ಎಂದ.

ತೀರ್ಪುಗಾರರು ಕೆಮ್ಮಿ, ಹೊರಗಿನ ಜಗಲಿಯಲ್ಲಿ ಲಾಟೀನು ಇಟ್ಟು ಒಳಗಿನ ದೀಪ ಆರಿಸಿ ಎಂದರು. ಬೆಳಕಿದ್ದಲ್ಲಿಗೆ ಹುಳ ಹೋಗುತ್ತವೆ. ಕತ್ತಲಾಯಿತು. ಕತ್ತಲಲ್ಲಿ ಕೋಟಿನ ಸರಬರ ಸದ್ದು ಹತ್ತಿರ ಬಂತು. ನಾಗಕುಮಾರ ಕಣ್ಣು ಮುಚ್ಚಿ ಪಂಚನಮಸ್ಕಾರ ಮಂತ್ರ ಹೇಳಿಕೊಂಡ.

"ಒಂದ್ಸಲಾನೂ ನಾನು ಗೆದ್ದಿಲ್ವೇನಯ್ಯ?" ಗೌರೀಶಂಕರಯ್ಯನವರ ದನಿ ಸಣ್ಣದಾಗಿತ್ತು.

"ಗೆದ್ದಿದ್ದೀರಿ ಸಾ. ಹೋದ ಮಾಗೀಲಿ. ನಂಗೆ ಜ್ವರ ಇತ್ತು."

ದೀಪ ಬಂತು. ತಿಮ್ಮಪ್ಪ ತನ್ನ ಟವಲಿನಿಂದ ಉಳಿದ ಹುಳಗಳನ್ನು ಮೆಲ್ಲಗೆ ಸರಿಸಿದ. "ಆಡು," ಎಂದರು ಮಾಲೀಕರು, ಅಷ್ಟೇ. ನಾಗಕುಮಾರ ನಿಜದ ಆಟ ಆಡಿದ. ಗೆದ್ದ. ಜನ ಚಪ್ಪಾಳೆ ತಟ್ಟುವಾಗ ಅವನು ಯಾರೋ ಹೊಡೆಯಲು ಬಂದರೇನೋ ಎಂದು ತಲೆ ತಗ್ಗಿಸಿದ. ಮುಂದಿನ ಸುತ್ತಿನಲ್ಲಿ ಕಾಲೇಜಿನ ಹುಡುಗನೊಬ್ಬ ಇವನನ್ನು ಹೆದರುವುದಕ್ಕೂ ಪುರುಸೊತ್ತು ಕೊಡದೆ ಸೋಲಿಸಿದ.

ವಾಪಸು ಬರುವಾಗ ಕಂಪನಿಯ ಬಸ್ಸಿನಲ್ಲಿ ಮಾಲೀಕರು ಮುಂದಿನ ಸೀಟು, ನಾಗಕುಮಾರ ಕಟ್ಟಕಡೆಯ ಸೀಟು. ದಾರಿಯುದ್ದಕ್ಕೂ ಅವರು ತಿರುಗಿ ನೋಡಲಿಲ್ಲ. ಅಮ್ಮನಿಗೆ ಹೇಗೆ ಹೇಳುವುದು, ಪಾತ್ರೆ ಎಷ್ಟು ಒಯ್ಯುವುದು ಎಂದು ಇವನು ಮನಸ್ಸಿನಲ್ಲೇ ಗಂಟು ಕಟ್ಟುತ್ತಿದ್ದ. ಚನ್ನರಾಯಪಟ್ಟಣ ಬಂತು. ಇಳಿದು ಅವರ ಕಿಟಕಿಯ ಕೆಳಗೆ ನಿಂತ.

"ನಾಳೆ..." ಎಂದರು ಗೌರೀಶಂಕರಯ್ಯನವರು. ನಾಗಕುಮಾರ ಮನಸ್ಸಿನ ಗಂಟಿಗೆ ಕೊನೆಯ ಪಾತ್ರೆಯನ್ನೂ ತುರುಕಿದ. "ನಾಳೆ ಹೊತ್ತಿಗೆ ಸರಿಯಾಗಿ ಬುಕಿಂಗ್ ತೆಗಿ. ಮದುವೆ ಜನ ಇದ್ದಾರೆ."

"ಇಲ್ಲೇನಾ ಸಾ?"

"ಇನ್ನೆಲ್ಲಯ್ಯ? ಭಾನುವಾರ ಶೆಡ್ಡಿಗೆ ಬಾ. ಆ ಎಡಗೈ ಕಡೆ ಚೆಂಡು ಹೆಂಗ್ ತೆಗೀತೀಯ, ತೋರ್ಸು." ಆಮೇಲೆ ತಲೆ ಹೊರಗೆ ಹಾಕಿ ಹಲ್ಲು ಕಚ್ಚಿ ಅಂದರು: "ಆದ್ರೆ ಗೆದ್ದಿದ್ದು ನೀನು ಅಂತ ಈ ಊರಲ್ಲಿ ಒಂದು ಪಿಳ್ಳೆಗೆ ಗೊತ್ತಾಗ್ಲಿ, ಅವತ್ತೇ ಕೊನೇ ಸ್ಟಾಪು."

ಮನೆಯಲ್ಲಿ ಮರುದೇವಮ್ಮ ಜಪಸರ ಹಿಡಿದು ಕೂತಿದ್ದಳು. ಜೈನರ ಪದ್ಧತಿಯಂತೆ ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚದ, ಉಣ್ಣದ ಮನೆ.

"ಯಾಕಪ್ಪ ಮುಖ ಹಂಗೆ ಬಿಳಿಚ್ಕೊಂಡಿದೆ? ಯಾರು ಗೆದ್ರು?"

ನಾಗಕುಮಾರ ಬೀದಿಯ ಆಚೆ ಈಚೆ ನೋಡಿದ. ಬಾಗಿಲು ಮುಂದೆ ಮಾಡಿ ಅಗಣಿ ಹಾಕಿದ. ಕಿಟಕಿಯನ್ನೂ ಮುಚ್ಚಿದ. ಆಮೇಲೆ ಅಮ್ಮನ ಕಿವಿಯ ಹತ್ತಿರ ಬಗ್ಗಿ, "ನಾನು," ಎಂದ.