ಬಾವಿ ಇಬ್ಬರದು, ಕಂಬ ಒಬ್ಬರದು

ಅವ್ವನ ರಟ್ಟೆ ನೋವಿಗೆಂದು ಇವತ್ತು ದಾವಣಗೆರೆಗೆ ಹೋಗಿದ್ದೆವು. ಮೂಳೆ ಡಾಕ್ಟರು ಪ್ಲಾಸ್ಟಿಕ್ಕಿನ ತೋಳಿನ ಮೂಳೆ ಹಿಡಿದು, ಅದರ ಮೇಲ್ತುದಿಯ ತೋಡಿನಲ್ಲಿ ಬೆರಳಾಡಿಸಿದರು. "ರಾಟೆ ಮ್ಯಾಲೆ ಹಗ್ಗ ಕುಂತಂಗೆ ಇದ್ರಾಗೆ ಸ್ನಾಯುವಿನ ಹುರಿ ಓಡಾಡ್ತೈತೆ. ನಿಮ್ದು ಸವೆದೈತೆ ನೋಡ್ರಿ."

ರಾಟೆ ಎಂದದ್ದೇ ತಡ, ನಾನು ಹರಿಹರದ ನಮ್ಮ ಹಳೆಯ ಹಿತ್ತಲಲ್ಲಿದ್ದೆ.

ಮನೆ ಪಾಲಾದಾಗ ಬಾವಿ ಮಾತ್ರ ಎರಡೂ ಮನೆಗೆ ಉಳಿಯಿತು. ದೊಡ್ಡಮ್ಮ ನೀರು ಸೇದಿ ಮುಗಿಸಿದೊಡನೆ ದೊಡ್ಡಪ್ಪ ಬಂದು, ಹರಳೆಣ್ಣೆಯಿಂದ ಮಿರುಗುವ ರಾಟೆಯನ್ನು ಬಿಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಅಪ್ಪ ಹೊಸದೊಂದು ತಂದು ಬಾವಿಯ ಕಂಬಕ್ಕೆ ಕಟ್ಟಿದರೆ ದೊಡ್ಡಪ್ಪ ಅದನ್ನು ಕಿತ್ತು ಬಾವಿಗೇ ಎಸೆದರು.

"ಬಾವಿ ಇಬ್ರದೂ ಐತೆ. ಕಂಬ ನಂದು."

ಅಪ್ಪ ಅಣ್ಣನ ಮಾತು ಮೀರಿ ಇನ್ನೊಂದು ರಾಟೆ ತರಲಿಲ್ಲ. ನಲ್ಲಿ ಬರುವವರೆಗೂ ಅವ್ವ ಕಟ್ಟೆಗೆ ಕಾಲೊತ್ತಿ, ತುಂಬಿದ ಕೊಡವನ್ನು ರಟ್ಟೆಯ ಬಲದಿಂದಲೇ ಎಳೆದಳು. ದೊಡ್ಡಪ್ಪ ಕಿಟಕಿಯಲ್ಲಿ ಎಲೆಅಡಿಕೆ ಜಗಿಯುತ್ತ ನೋಡುತ್ತಿದ್ದರು. ಅವರು ಹೊಸಿಲು ದಾಟುವಾಗೆಲ್ಲ ಎಡವಿ ಬೀಳಲಿ ಎಂದು ನಾನು ದೇವರನ್ನು ಬೇಡುತ್ತಿದ್ದೆ.

ಡಾಕ್ಟರ ಕೋಣೆಯಿಂದ ಹೊರಬಂದ ಮೇಲೆ ಅವ್ವನಿಗೆ ಹೇಳಿದೆ. "ದೊಡ್ಡಪ್ಪಗೆ ಹುಷಾರಿಲ್ಲಂತೆ. ಇಲ್ಲೇ ಮಗನ ಮನ್ಯಾಗೆ ಅದಾರೆ. ಮಾತಾಡ್ಸಿ ಹೋಗೋಣೇನವ್ವ?"

ಅವ್ವ ನೋಯುವ ತೋಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೇ ಆಟೋ ಹತ್ತಿದಳು.

"ಬಸ್ ಸ್ಟ್ಯಾಂಡಿಗೆ ನಡೀಪ್ಪ," ಎಂದು ಡ್ರೈವರಿಗೆ ಹೇಳಿದಳು.